ಅತ್ತೆಗೆ ತೆಲುಗು, ಮಕ್ಕಳಿಗೆ ಕನ್ನಡ: ನಮ್ಮ ಮನೆಯ ಒಟಿಟಿ ವಿಮರ್ಶೆ

ಒಟಿಟಿ ಆ್ಯಪ್‌ಗಳ ವಿಮರ್ಶೆ ಎಲ್ಲಿ ಓದಿದರೂ ಅದೇ ಮಾತು. ಎಷ್ಟು ಸಿನಿಮಾ ಇದೆ, ಪಿಕ್ಚರ್ ಎಷ್ಟು ಕ್ಲಿಯರ್, ಒಂದೇ ಸಲ ಎಷ್ಟು ಜನ ನೋಡಬಹುದು. ನಮ್ಮ ಚಿಂತಾಮಣಿ ಕಡೆಯವರಿಗೆ ಇದೆಲ್ಲ ಆಮೇಲಿನ ಮಾತು. ಇಲ್ಲಿ ಮೊದಲು ನೋಡಬೇಕಾದದ್ದು ಆಡಿಯೋ ಯಾವ ಯಾವ ಭಾಷೆಯಲ್ಲಿ ಇದೆ ಅನ್ನೋದು. ವರ್ಷಗಟ್ಟಲೆ ನಾಲ್ಕೈದು ಆ್ಯಪ್‌ಗೆ ದುಡ್ಡು ಕಟ್ಟಿ ನೋಡಿದ ಮೇಲೆ ನಾನು ಹೇಳುವುದು ಇಷ್ಟೇ. ಸಾವಿರ ಸಿನಿಮಾ ಇದ್ದರೂ ಮನೆಯವರು ನಗುವ ಭಾಷೆಯಲ್ಲಿ ಇಲ್ಲದಿದ್ದರೆ ಆ ರೀಚಾರ್ಜ್ ದಂಡ.

ನಮ್ಮ ಮನೆಯ ಕಥೆ ಕೇಳಿ. ಅತ್ತೆಯ ಮಾತು ತೆಲುಗು. ಮಕ್ಕಳದ್ದು ಕನ್ನಡ. ನಾನು ತುಮಕೂರು ಕಡೆಯಿಂದ ಸೊಸೆಯಾಗಿ ಬಂದವಳು. ತೆಲುಗು ಕಲಿತದ್ದೇ ಇಲ್ಲಿ, ಅದೂ ಅರ್ಧ ಸೀರಿಯಲ್ ನೋಡಿ. ನಮ್ಮ ಯಜಮಾನರು ಒಂದೇ ಮಾತಿನಲ್ಲಿ ಎರಡೂ ಭಾಷೆ ಬೆರೆಸುತ್ತಾರೆ. ಇದರಲ್ಲಿ ವಿಚಿತ್ರ ಏನಿಲ್ಲ. ಪಕ್ಕದ ಕೈವಾರದ ತಾತಯ್ಯನವರೇ ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು.

ಮೊದಲು 'ಆರ್‌ಆರ್‌ಆರ್' ವಿಷಯ. 2022ರ ಮಾರ್ಚ್ 19ರಂದು ಆ ಸಿನಿಮಾದ ದೊಡ್ಡ ಸಮಾರಂಭ ನಡೆದದ್ದು ನಮ್ಮ ಚಿಕ್ಕಬಳ್ಳಾಪುರದಲ್ಲೇ. ಮುಖ್ಯಮಂತ್ರಿಗಳೂ ಬಂದಿದ್ದರು. ನನ್ನ ಮೈದುನ ಬೈಕ್ ಹಾಕಿಕೊಂಡು ಹೋಗಿ, ಜನಜಂಗುಳಿಯಲ್ಲಿ ವೇದಿಕೆ ಕೂಡ ಕಾಣದೆ, ಮೈತುಂಬ ಧೂಳು ಹೊತ್ತು ವಾಪಸ್ ಬಂದ. ವಾರ ಕಳೆದು ಸಿನಿಮಾ ಬಿಡುಗಡೆ ಆಯಿತು. ಆದರೆ ಕನ್ನಡ ಶೋಗಳು ತೀರಾ ಕಡಿಮೆ. ರಾಜ್ಯದಲ್ಲೆಲ್ಲ ಜನ ಸಿಟ್ಟಾದರು. ಹೀರೋಗಳಿಬ್ಬರೂ ಕನ್ನಡಕ್ಕೆ ತಾವೇ ದನಿ ಕೊಟ್ಟಿದ್ದಾರೆ, ಅದನ್ನು ಕೇಳೋಣ ಅಂದರೆ ಥಿಯೇಟರೇ ಇಲ್ಲ! ಕೊನೆಗೆ ನಮ್ಮ ಮಕ್ಕಳು ಕನ್ನಡದಲ್ಲಿ ನೋಡಿದ್ದು ಮೇ 20ಕ್ಕೆ ಅದು ಝೀ5ಗೆ ಬಂದ ಮೇಲೆ. ಹಿಂದಿ ಆಡಿಯೋ ಮಾತ್ರ ನೆಟ್‌ಫ್ಲಿಕ್ಸ್‌ನಲ್ಲಿತ್ತು. ಒಂದೇ ಸಿನಿಮಾ, ಭಾಷೆಗೊಂದು ಅಂಗಡಿ. ಇಂಥದ್ದು ಗೊತ್ತಿಲ್ಲದೆ ಸುಮ್ನೆ ವರ್ಷದ ಪ್ಯಾಕ್ ಹಾಕಿಸಿದರೆ ಕಷ್ಟ, ಅಲ್ವಾ?

ಡಬ್ಬಿಂಗ್ ಇದ್ದ ಮಾತ್ರಕ್ಕೆ ಮುಗಿಯಿತು ಅಂತಲೂ ಅಲ್ಲ. 'ಪುಷ್ಪ'ವನ್ನು ಅತ್ತೆ ಕೂತು ಪೂರ್ತಿ ನೋಡಿದರು. ಅದರಲ್ಲಿ ಆಡುವುದು ಚಿತ್ತೂರು ಸೀಮೆಯ ತೆಲುಗು. ಅತ್ತೆಯ ತವರು ಮದನಪಲ್ಲಿ ಕಡೆ, ಹೀಗಾಗಿ ಅದು ಅವರಿಗೆ ಮನೆ ಮಾತು. ಮಧ್ಯದಲ್ಲಿ ಮಗ ಕನ್ನಡಕ್ಕೆ ಬದಲಾಯಿಸಿದ. ಹತ್ತು ನಿಮಿಷದಲ್ಲಿ ಅತ್ತೆ ರಿಮೋಟ್ ಕಿತ್ತುಕೊಂಡರು. "ಇವನೇನೋ ಮೇಷ್ಟ್ರ ಥರ ಮಾತಾಡ್ತಾನೆ" ಅಂದರು. ಅವರು ಹೇಳಿದ್ದು ಸರಿಯೇ. ಮೂಲದಲ್ಲಿ ಊರಿಂದ ಊರಿಗೆ ಮಾತು ಬದಲಾಗುತ್ತೆ. ಡಬ್ಬಿಂಗ್ ಸಿನಿಮಾಗಳ ಕನ್ನಡದಲ್ಲಿ ಕಳ್ಳ, ಪೊಲೀಸ್, ಅಜ್ಜಿ, ಸಾಹುಕಾರ ಎಲ್ಲರೂ ವಾರ್ತೆ ಓದುವವರ ಹಾಗೆ ಒಂದೇ ಕನ್ನಡ ಆಡುತ್ತಾರೆ. ಚಿತ್ತೂರಿನವನ ಮಾತನ್ನು ಕನ್ನಡಕ್ಕೆ ತರುವುದಾದರೆ ಮುಳಬಾಗಿಲು, ಶ್ರೀನಿವಾಸಪುರದ ಕನ್ನಡ ಇಲ್ಲವಾ? ಗಡಿಯ ಆ ಕಡೆ ಅವರು, ಈ ಕಡೆ ನಾವು. ಇಲ್ಲಿಯ ಒಬ್ಬನನ್ನು ಸ್ಟುಡಿಯೋಗೆ ಕರೆಸಿ ಕೂರಿಸಿದ್ದರೂ ಸಾಕಿತ್ತು.

'ಮಂಜುಮ್ಮೆಲ್ ಬಾಯ್ಸ್' ನೋಡಿದಾಗ ಇನ್ನೊಂದು ಥರದ ತೊಂದರೆ. ಕೇರಳದ ಹುಡುಗರು ಕೊಡೈಕೆನಾಲ್‌ಗೆ ಹೋಗಿ ಗುಹೆಯಲ್ಲಿ ಸಿಕ್ಕಿಬೀಳುವ ಕಥೆ. ಮೂಲದಲ್ಲಿ ಹುಡುಗರದು ಮಲಯಾಳ, ಅಲ್ಲಿನವರದು ತಮಿಳು. ಭಾಷೆ ಬರದ ಊರಲ್ಲಿ ಸಹಾಯ ಕೇಳುವ ಗೋಳೇ ಕಥೆಯ ಅರ್ಧ. ಎಲ್ಲರ ಬಾಯಿಗೂ ಒಂದೇ ಭಾಷೆ ಹಾಕಿದರೆ ಆ ಗೋಳು ತಟ್ಟುವುದಿಲ್ಲ. ಅದನ್ನು ಮೂಲದಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಅತ್ತೆಗೆ ಸಬ್‌ಟೈಟಲ್ ಆಗಿಬರಲ್ಲ, ಪಾಪ. ನಾನು ಪಕ್ಕದಲ್ಲಿ ಕೂತು ಕಥೆ ಹೇಳಿದೆ.

ಈಚೆಗೆ ನೋಡಿದ್ದರಲ್ಲಿ ನಮ್ಮ ಮನೆಯಲ್ಲಿ ಜಾಸ್ತಿ ಓಡಿದ್ದು 'ಪಂಚಾಯತ್' ಮತ್ತು 'ಶಿವರಪಲ್ಲಿ'. ಎರಡೂ ಪ್ರೈಮ್ ವಿಡಿಯೋದಲ್ಲಿವೆ. 'ಪಂಚಾಯತ್' 2020ರಲ್ಲಿ ಶುರುವಾದ ಹಿಂದಿ ಸೀರೀಸ್. ಉತ್ತರ ಪ್ರದೇಶದ ಫುಲೇರಾ ಅನ್ನುವ ಹಳ್ಳಿಗೆ ಪಂಚಾಯ್ತಿ ಸೆಕ್ರೆಟರಿಯಾಗಿ ಬರುವ ಪಟ್ಟಣದ ಹುಡುಗನ ಕಥೆ. 2024ರಲ್ಲಿ ಅದನ್ನು ತಮಿಳಿನಲ್ಲಿ ಮತ್ತೆ ಮಾಡಿದರು. 2025ರ ಜನವರಿಯಲ್ಲಿ ತೆಲುಗಿನಲ್ಲಿ ಬಂದದ್ದೇ 'ಶಿವರಪಲ್ಲಿ'. ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ಅದೇ. ಹಿಂದಿಯದನ್ನು ನೋಡಿದವರಿಗೆ ತೆಲುಗಿನದು ಸಪ್ಪೆ ಅನಿಸಬಹುದು. ನನಗೂ ಹಾಗೇ ಆಯಿತು. ಅತ್ತೆಗೆ ಮಾತ್ರ ಪಂಚಪ್ರಾಣ. ಇಲ್ಲೂ ತೆಲಂಗಾಣದ ತೆಲುಗೇ, ಅವರ ತೆಲುಗಲ್ಲ. ಆದರೂ ಹಳ್ಳಿಯವರು ಹಳ್ಳಿಯವರಂತೆ ಮಾತಾಡುತ್ತಾರೆ. ಅಷ್ಟು ಸಾಕು ಅವರಿಗೆ.

ಕನ್ನಡದಲ್ಲಿ ಇದನ್ನು ಯಾರೂ ಮಾಡಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯುತ್ತೆ. ಕಥೆಯಲ್ಲಿ ಅಧ್ಯಕ್ಷೆ ಹೆಂಗಸು, ಆದರೆ ಕುರ್ಚಿಯಲ್ಲಿ ಕೂತು ಕಾರುಬಾರು ಮಾಡುವವನು ಗಂಡ. ಇದನ್ನು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾ? ಸಭೆಗೆ 'ಅಧ್ಯಕ್ಷರ ಯಜಮಾನರು' ಬರುತ್ತಾರೆ, ರುಜು ಹಾಕಿಸಲು ಪುಸ್ತಕ ಮನೆಗೆ ಹೋಗುತ್ತೆ. ಪಿಡಿಒ ಆಗಿ ಬೆಂಗಳೂರಿನ ಹುಡುಗನೊಬ್ಬ ಶಿಡ್ಲಘಟ್ಟದ ಯಾವುದೋ ಹಳ್ಳಿಗೆ ಬಂದ ಅಂದುಕೊಳ್ಳಿ. ರೇಷ್ಮೆಗೂಡಿನ ಸೀಸನ್, ಬತ್ತಿದ ಕೊಳವೆಬಾವಿ, ಟೊಮೆಟೊ ರೇಟು, ಕೆರೆಗೆ ಬಿಟ್ಟ ನೀರಿನ ಜಗಳ. ನಾಲ್ಕು ಸೀಸನ್‌ಗೆ ಆಗುವಷ್ಟು ಸಾಮಾನು ಇಲ್ಲೇ ಬಿದ್ದಿದೆ.

ಕನ್ನಡದ್ದೇ ಸೀರೀಸ್‌ಗಳು ಎಣಿಸುವಷ್ಟು. 'ಏಕಂ' ಅನ್ನು ಯಾವ ದೊಡ್ಡ ಆ್ಯಪ್‌ನವರೂ ತೆಗೆದುಕೊಳ್ಳದೆ, ರಕ್ಷಿತ್ ಶೆಟ್ಟಿಯವರ ತಂಡ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಟ್ಟಿತು. ಕರಾವಳಿಯ ಏಳು ಕಥೆ. ಎಲ್ಲವೂ ಒಂದೇ ಸಮ ಇಲ್ಲ, ಒಂದೆರಡು ಎಳೆದಾಡುತ್ತವೆ. ಆದರೆ ಆ ದುಡ್ಡಿಗೆ ಮೋಸವಿಲ್ಲ. 2025ರ ಏಪ್ರಿಲ್‌ನಲ್ಲಿ ಝೀ5ನಲ್ಲಿ 'ಅಯ್ಯನ ಮನೆ' ಬಂತು. ರಮೇಶ್ ಇಂದಿರಾ ನಿರ್ದೇಶನ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಆ ಮನೆಯ ಹಿಂದಿನ ಸೊಸೆಯರೆಲ್ಲ ಸತ್ತ ವಿಷಯ ಗೊತ್ತಾಗುತ್ತೆ. ಇಂಥದ್ದನ್ನು ಅತ್ತೆಯ ಪಕ್ಕದಲ್ಲಿ ಕೂತು ನೋಡುವ ಮಜಾನೇ ಬೇರೆ! ಅರ್ಧಕ್ಕೆ ಬಂದಾಗ ಅತ್ತೆ ನನ್ನ ಕಡೆ ತಿರುಗಿ, "ನಾನಂತೂ ಒಳ್ಳೆಯವಳು ಕಣಮ್ಮಾ" ಅಂದರು. ಖುಷಿ ರವಿ ಚೆನ್ನಾಗಿ ಮಾಡಿದ್ದಾರೆ. ಎಪಿಸೋಡ್‌ಗಳು ಚಿಕ್ಕವು, ಒಂದೇ ರಾತ್ರಿಯಲ್ಲಿ ಮುಗಿಯುತ್ತೆ. ಕೊನೆ ಸ್ವಲ್ಪ ಅವಸರ ಆಯಿತು.

'ಸು ಫ್ರಮ್ ಸೋ' ಬಗ್ಗೆ ಎಲ್ಲರೂ ಬರೆದಾಗಿದೆ, ನಾನು ಹೊಸದಾಗಿ ಹೇಳುವುದೇನಿಲ್ಲ. ಥಿಯೇಟರ್‌ನಲ್ಲಿ ನಕ್ಕಷ್ಟು ಮನೆಯಲ್ಲಿ ನಗು ಬರಲಿಲ್ಲ, ಅಷ್ಟೇ. ಅದು ಜನರ ನಡುವೆ ಕೂತು ನೋಡುವ ಸಿನಿಮಾ.

ಇನ್ನು 'ಕೆಜಿಎಫ್'. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. ನಮ್ಮ ಚಿನ್ನದ ಗಣಿಯ ಹೆಸರಿನ ಕನ್ನಡ ಸಿನಿಮಾ, ಸೆಟ್ ಹಾಕಿದ್ದು ಅಲ್ಲಿನ ಸೈನೈಡ್ ದಿಬ್ಬಗಳ ಹತ್ತಿರ. ಅದನ್ನು ಅತ್ತೆ ಇವತ್ತಿಗೂ ನೋಡುವುದು ತೆಲುಗು ಡಬ್ಬಿಂಗ್‌ನಲ್ಲಿ! ಮಗಳು ಪಕ್ಕದಲ್ಲೇ ಮೊಬೈಲಿಗೆ ಇಯರ್‌ಫೋನ್ ಹಾಕಿ ಅದೇ ಸೀನ್ ಕನ್ನಡದಲ್ಲಿ ನೋಡುತ್ತಾಳೆ. ಗಣಿ ನಿಜವಾಗಿ ಹೀಗೇ ಇತ್ತಾ ಅಂತ ಅವಳು ಕೇಳಿದಳು. ಸಿನಿಮಾದ ನರಾಚಿ ಬರೀ ಕಲ್ಪನೆ, ನಿಜವಾದ ಗಣಿ 2001ರಲ್ಲೇ ಮುಚ್ಚಿತು, ಅಲ್ಲಿ ದುಡಿದವರ ಮಕ್ಕಳು ಈಗ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ ಅಂತ ಹೇಳಿದೆ. ಆ ಸಿನಿಮಾ ಬೇರೆ ಯಾರಾದರೂ ಮಾಡಬೇಕು.

ಬೇಸರದ ವಿಷಯಕ್ಕೆ ಬರೋಣ. ಒಂದು ಆ್ಯಪ್, ಹೆಸರು ಬೇಡ, ಪ್ರತಿ ಎಪಿಸೋಡ್ ಮುಗಿದಾಗಲೂ ತಾನೇ ಹಿಂದಿಗೆ ಹೋಗುತ್ತೆ. ನಾನು ಅಡುಗೆಮನೆಯಲ್ಲಿ ಮುದ್ದೆ ಕೂಡಿಸುತ್ತಾ ಇರುತ್ತೇನೆ. ಹಾಲ್‌ನಿಂದ ಕೂಗು: "ಮತ್ತೆ ಹಿಂದಿ ಬಂತು!" ಕೈ ತೊಳೆದು ಬಂದು, ಬಟನ್ ಒತ್ತಿ, ಕೆಳಗಿನ ಪಟ್ಟಿಯಲ್ಲಿ ತೆಲುಗು ಹುಡುಕಿ ಹಾಕಿ ಹೋಗಬೇಕು. ಅಷ್ಟರಲ್ಲಿ ಮುದ್ದೆ ಗಂಟು. ಭಾಷೆಗಳ ಹೆಸರನ್ನೂ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಅತ್ತೆಗೆ ತೆಲುಗು, ಕನ್ನಡ ಎರಡೂ ಓದಲು ಬರುತ್ತೆ, ಇಂಗ್ಲಿಷ್ ಬರಲ್ಲ. ತಾನೇ ಹಾಕಿಕೊಳ್ಳಲಿ ಅಂದರೆ ಹೇಗೆ? ಕಸ್ಟಮರ್ ಕೇರ್‌ಗೆ ಬರೆದರೆ "ಆ್ಯಪ್ ತೆಗೆದು ಮತ್ತೆ ಹಾಕಿ" ಅಂದರು. ಹಾಕಿದೆ. ಮತ್ತೆ ಹಿಂದಿ.

ಜಾಹೀರಾತಿನ ಕಾಟ ಬೇರೆ. ಪ್ರೈಮ್ ವಿಡಿಯೋದಲ್ಲಿ 2025ರ ಜೂನ್‌ನಿಂದ ಮಧ್ಯೆ ಮಧ್ಯೆ ಜಾಹೀರಾತು ಶುರುವಾಯಿತು. ಬೇಡ ಅಂದರೆ ವರ್ಷಕ್ಕೆ ಇನ್ನೂ 699 ರೂಪಾಯಿ ಕಟ್ಟಬೇಕು. ನಾವು ಕಟ್ಟಿಲ್ಲ. ಅತ್ತೆಗೆ ಜಾಹೀರಾತು ಬಂದರೆ ಖುಷಿ, ಎದ್ದು ನೀರು ಕುಡಿದು ಬರಬಹುದು.

ಈಗ ನಮ್ಮ ಲೆಕ್ಕ ಹೀಗಿದೆ. ಒಂದು ಆ್ಯಪ್ ಮಾತ್ರ ವರ್ಷಕ್ಕೆ. ಉಳಿದದ್ದು ಬೇಕಾದ ತಿಂಗಳು ಹಾಕಿಸಿ, ಅವತ್ತೇ ಆಟೋಪೇ ತೆಗೆದುಬಿಡುತ್ತೇನೆ. ದುಡ್ಡು ಕಟ್ಟುವ ಮೊದಲು ಆ ಸಿನಿಮಾದ ಪುಟ ತೆರೆದು ಆಡಿಯೋ ಪಟ್ಟಿ ನೋಡುತ್ತೇನೆ. ಕನ್ನಡ ಇದ್ದರೆ ಟ್ರೇಲರನ್ನೂ ಕನ್ನಡದಲ್ಲೇ ಕೇಳುತ್ತೇನೆ. ಎರಡು ನಿಮಿಷದಲ್ಲಿ ಡಬ್ಬಿಂಗ್ ಯೋಗ್ಯತೆ ಗೊತ್ತಾಗುತ್ತೆ. ಒಟ್ಟು ಐದಕ್ಕೆ ಮೂರು ಸ್ಟಾರ್. ಆ ಹಿಂದಿಯ ಕಾಟ ನಿಲ್ಲಿಸಿ, ಪಟ್ಟಿಯಲ್ಲಿ 'ತೆಲುಗು' ಅಂತ ತೆಲುಗಿನಲ್ಲೇ, 'ಕನ್ನಡ' ಅಂತ ಕನ್ನಡದಲ್ಲೇ ಬರೆದರೆ ಅವತ್ತೇ ನಾಲ್ಕು ಮಾಡುತ್ತೇನೆ.