ಫಿಸಿಕ್ಸ್ ಟ್ರಾಲಿ ಕಿಟ್: ಗಾಡಿ ಸೂಪರ್, ಮ್ಯಾನುಯಲ್ ದಂಡ

ಮಗಳು ಒಂಬತ್ತನೇ ಕ್ಲಾಸು, ನ್ಯೂಟನ್ ಎರಡನೇ ನಿಯಮ (ಬಲ = ದ್ರವ್ಯರಾಶಿ × ವೇಗೋತ್ಕರ್ಷ, ಅಂದ್ರೆ ವೇಗ ಏರೋ ದರ) ಬರೀ ಬಾಯಿಪಾಠ ಮಾಡ್ತಿದ್ಲು ಅಂತ ಆನ್‌ಲೈನಲ್ಲಿ ತರಿಸಿದ್ದು. 500 ಗ್ರಾಂ ಗಾಡಿ, 1 ಮೀಟರ್ ಟ್ರ್ಯಾಕು, ಪುಲ್ಲಿ, ದಾರ, 50 ಗ್ರಾಂ ಬಿಲ್ಲೆಗಳು. ಚಕ್ರಕ್ಕೆ ಬೇರಿಂಗ್ ಹಾಕಿದಾರೆ, ಬೆರಳಲ್ಲಿ ತಟ್ಟಿದ್ರೆ ಸುಮಾರು ಹೊತ್ತು ತಿರುಗ್ತಾನೇ ಇರತ್ತೆ, ಈ ರೇಟಿಗೆ ಜಾಸ್ತೀನೇ ಅನ್ಬೇಕು.

ದಾರಕ್ಕೆ 50 ಗ್ರಾಂ ನೇತುಹಾಕಿ ಬಿಟ್ರೆ ಗಾಡಿ ಹತ್ರಹತ್ರ ಒಂದೂವರೆ ಸೆಕೆಂಡಲ್ಲಿ ಆ ತುದಿ ಸೇರತ್ತೆ, ಮೇಲೆ ಅರ್ಧ ಕೆಜಿ ಸಕ್ಕರೆ ಪೊಟ್ಟಣ ಇಟ್ರೆ ಎರಡು ಸೆಕೆಂಡ್ ದಾಟತ್ತೆ. ವೇಗೋತ್ಕರ್ಷ ಸುಮಾರು ಅರ್ಧ ಆದ್ರೂ ಟೈಮ್ ಡಬಲ್ ಆಗಲ್ಲ, ಯಾಕಂದ್ರೆ ದೂರ ಟೈಮಿನ ವರ್ಗದ ಲೆಕ್ಕದಲ್ಲಿ ಬೆಳೆಯತ್ತೆ, ಇದನ್ನ ಮಗಳೇ ಲೆಕ್ಕ ಹಾಕಿ ತೋರಿಸಿದ್ಲು.

ಮ್ಯಾನುಯಲ್ ಮಾತ್ರ ಯಾರು ಬರೆದ್ರೋ ಏನೋ. ಬಲ ಹೆಚ್ಚಿಸೋಕೆ ಇನ್ನೊಂದು ಬಿಲ್ಲೆ ಸೇರಿಸಿ ಅಂತಷ್ಟೇ ಇದೆ, ಆದ್ರೆ ನೇತಾಡೋ ಬಿಲ್ಲೇನೂ ಗಾಡಿ ಜೊತೆ ಓಡತ್ತಲ್ವಾ, ಒಟ್ಟು ದ್ರವ್ಯರಾಶಿನೂ ಏರಿ, ಬಲ ಡಬಲ್ ಆದ್ರೂ ವೇಗೋತ್ಕರ್ಷ ಡಬಲ್‌ಗಿಂತ ಕಮ್ಮಿ ಬರತ್ತೆ. ಬಿಲ್ಲೆಗಳನ್ನೆಲ್ಲ ಮೊದಲೇ ಗಾಡಿ ಮೇಲಿಟ್ಟು, ಅಲ್ಲಿಂದ ಒಂದೊಂದೇ ತೆಗೆದು ದಾರಕ್ಕೆ ಹಾಕಿ, ಆಗ ಬಲ ಮಾತ್ರ ಬದಲಾಗತ್ತೆ. ಘರ್ಷಣೆ ಸರಿದೂಗಿಸೋಕೆ ಟ್ರ್ಯಾಕ್ ಕೆಳಗೆ ಒಂದೆರಡು ರಟ್ಟಿನ ತುಂಡು ಇಟ್ಟು ಸ್ವಲ್ಪ ಇಳಿಜಾರು ಮಾಡಿ, ತಳ್ಳಿದ ಗಾಡಿ ಒಂದೇ ಸ್ಪೀಡಲ್ಲಿ ಹೋದ್ರೆ ಸಾಕು.

ಕೊಟ್ಟಿರೋ ಸ್ಟಾಪ್‌ವಾಚ್ ಬಿಸಾಕಿ, ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡ್ಕೊಳ್ಳಿ. ತುದೀಲಿ ತಡೆ ಇಲ್ಲ, ದಿಂಬು ಇಟ್ಕೊಳ್ಳಿ. ನಾಲ್ಕು ಸ್ಟಾರ್.