ಪದಕ್ಕೆ ಜೊತೆಪದ ಹುಡುಕಿಕೊಡುವ ನಿಘಂಟು

ಕನ್ನಡದಲ್ಲಿ ನಾವು ಕನಸು ಕಾಣುತ್ತೇವೆ. ಅದನ್ನೇ ಇಂಗ್ಲಿಷಿಗೆ ತಂದು ‘ಸೀ ಎ ಡ್ರೀಮ್’ ಎಂದು ಬರೆದರೆ ವ್ಯಾಕರಣ ತಪ್ಪುವುದಿಲ್ಲವಾದರೂ ಓದುವವರ ಕಿವಿಗೆ ಅದು ಒಗ್ಗುವುದಿಲ್ಲ, ಏಕೆಂದರೆ ಅಲ್ಲಿ ‘ಡ್ರೀಮ್’ ಜೊತೆಗೆ ಬರುವ ಕ್ರಿಯಾಪದ ‘ಹ್ಯಾವ್’. ಇಂಥ ರೂಢಿಯ ಪದಜೋಡಿಗೆ ಕೊಲೊಕೇಶನ್ ಎಂದು ಹೆಸರು. ಸಾಮಾನ್ಯ ನಿಘಂಟುಗಳಲ್ಲಿ ಅರ್ಥಕ್ಕೇ ಪ್ರಾಧಾನ್ಯ. ಯಾವ ಪದದ ಪಕ್ಕ ಯಾವುದು ಹೊಂದುತ್ತದೆ ಎಂಬುದಕ್ಕೇ ಮೀಸಲಾದದ್ದು ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿ. 2002ರಲ್ಲಿ ಮೊದಲು ಪ್ರಕಟವಾದ ಈ ನಿಘಂಟಿನ 2009ರ ಎರಡನೆಯ ಆವೃತ್ತಿ ನನ್ನ ಬಳಿ ಇದೆ. ಸುಮಾರು 9,000 ಮುಖ್ಯ ಪದಗಳ ಕೆಳಗೆ 2,50,000ದಷ್ಟು ಪದಜೋಡಿಗಳನ್ನು ಇದು ಕೊಡುತ್ತದೆ.

ಇದನ್ನು ಬಳಸುವ ಕ್ರಮ ಕೈಗೆ ಹತ್ತಲು ನನಗೆ ಕೆಲವು ದಿನ ಹಿಡಿಯಿತು. ಕನ್ನಡದಲ್ಲಿ ಮಳೆ, ಗಾಳಿ, ಜ್ವರ, ದನಿ ಎಲ್ಲಕ್ಕೂ ‘ಜೋರು’ ಎಂಬ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ನಮಗೆ ಗೊತ್ತಿರುವುದು ಮಳೆ ಎಂಬುದಷ್ಟೇ ಆದ್ದರಿಂದ ಹುಡುಕಾಟ ‘ರೇನ್’ ಎಂಬ ನಾಮಪದದಿಂದಲೇ ಹೊರಡಬೇಕು. ಅಲ್ಲಿ ವಿಶೇಷಣಗಳು ಒಂದೆಡೆ, ಕ್ರಿಯಾಪದಗಳು ಇನ್ನೊಂದೆಡೆ ಇದ್ದು, ಹತ್ತಿರದ ಅರ್ಥದವು ಒಟ್ಟಿಗೆ ಕೂತು, ಗುಂಪುಗಳ ನಡುವೆ ಸಣ್ಣ ಗೆರೆ ಇರುತ್ತದೆ. ‘ಮಾಡು’ ಎಂಬ ನಮ್ಮ ಕ್ರಿಯಾಪದದಿಂದ ಹುಟ್ಟುವ ಗೊಂದಲವೂ ಹೀಗೇ ಬಗೆಹರಿಯುತ್ತದೆ: ‘ಮಿಸ್ಟೇಕ್’ ತೆರೆದರೆ ‘ಮೇಕ್’, ‘ಹೋಮ್‌ವರ್ಕ್’ ತೆರೆದರೆ ‘ಡೂ’.

ಕೊರತೆ ಇರುವುದು ಅರ್ಥವಿವರಣೆಯಲ್ಲಿ. ‘ಡಿಸಿಷನ್’ ಕೆಳಗೆ ‘ಮೇಕ್’, ‘ಟೇಕ್’, ‘ರೀಚ್’, ‘ಕಮ್ ಟು’ ಎಲ್ಲವೂ ಸಿಗುತ್ತವೆ. ಆದರೆ ‘ರೀಚ್’ ಎಂದಾಗ ಚರ್ಚೆಯೋ ಆಲೋಚನೆಯೋ ನಡೆದ ಮೇಲೆ ತಲುಪಿದ ತೀರ್ಮಾನ ಎಂಬ ಛಾಯೆ ಬರುತ್ತದೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಉದಾಹರಣೆ ವಾಕ್ಯಗಳು ಇದ್ದರೂ ಪ್ರತಿ ಜೋಡಿಗೂ ಇಲ್ಲ. ಹಾಗಾಗಿ ಪಕ್ಕದಲ್ಲಿ ಅರ್ಥ ಹೇಳುವ ಇನ್ನೊಂದು ನಿಘಂಟು ಇರಲೇಬೇಕು, ಮತ್ತು ಇಂಗ್ಲಿಷನ್ನು ಈಗಷ್ಟೇ ಕಲಿಯಲು ಆರಂಭಿಸಿದವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ತಪ್ಪಿಲ್ಲದೆ ವಾಕ್ಯ ಕಟ್ಟಬಲ್ಲೆ, ಆದರೂ ಬರೆದದ್ದು ಎಲ್ಲೋ ಅನುವಾದದಂತೆ ಕೇಳುತ್ತದೆ ಎನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ನಡುವಿನ ಅಭ್ಯಾಸದ ಪುಟಗಳು ಪರವಾಗಿಲ್ಲ. ಜೊತೆಗೆ ಬಂದ ಸಿ.ಡಿ. ಮಾತ್ರ, ಅದನ್ನು ಹಾಕಲು ಜಾಗವೇ ಇಲ್ಲದ ಇಂದಿನ ಲ್ಯಾಪ್‌ಟಾಪ್‌ಗಳ ಕಾಲದಲ್ಲಿ, ಹೊದಿಕೆಯೊಳಗೇ ಉಳಿದಿದೆ.

ಮೊದಲು ನಾನು ಇದನ್ನು ಬಾಯಿಪಾಠ ಮಾಡಲು ಹೊರಟು ‘ಎ’ ಅಕ್ಷರ ಮುಗಿಯುವ ಮೊದಲೇ ಕೈಬಿಟ್ಟೆ. ಈಗ ಪತ್ರವನ್ನು ಪೂರ್ತಿ ಬರೆದು, ಅನುಮಾನ ಹುಟ್ಟಿಸುವ ನಾಮಪದಗಳಿಗೆ ಪೆನ್ಸಿಲಿನಿಂದ ಅಡಿಗೆರೆ ಎಳೆದು, ಅವನ್ನಷ್ಟೇ ತೆರೆದು ನೋಡುತ್ತೇನೆ. ಪುಟಕ್ಕೆ ಎರಡು ಮೂರು ಕ್ರಿಯಾಪದಗಳಾದರೂ ಬದಲಾಗುತ್ತವೆ.