ಒಂದು ಸ್ಟಾರ್‌ನಿಂದ ಮೂರಕ್ಕೆ: ಮನೆ ಕಟ್ಟಿಕೊಟ್ಟ ಕಾಂಟ್ರಾಕ್ಟರ್ ಬಗ್ಗೆ, ನಾಲ್ಕು ಮಳೆಗಾಲ ಕಳೆದ ಮೇಲೆ

2022ರಲ್ಲಿ ಇದೇ ಕಾಂಟ್ರಾಕ್ಟರ್‌ಗೆ ಒಂದು ಸ್ಟಾರ್ ಕೊಟ್ಟು ಸಿಟ್ಟಿನಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಈಗ ತೆಗೆದಿದ್ದೇನೆ. ಅವರು ಕೇಳಿಕೊಂಡರು ಅಂತಲ್ಲ, ಅದರಲ್ಲಿ ಅರ್ಧ ಕಥೆ ಮಾತ್ರ ಇತ್ತು. ಹೆಸರು ಹಾಕುವುದಿಲ್ಲ. ಊರಲ್ಲಿ ಹೀಗೇ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಓದಿದವರಿಗೆ ತಮ್ಮ ಕಾಂಟ್ರಾಕ್ಟರೇ ನೆನಪಾದರೂ ಆಶ್ಚರ್ಯವಿಲ್ಲ.

ನಮ್ಮದು ಶಿವಮೊಗ್ಗ. 30×40 ಸೈಟು, ಕೆಳಗೆ ಮೇಲೆ ಸೇರಿ 1,400 ಚದರಡಿ. ಸಾಮಾನು ಸಮೇತ ಚದರಡಿಗೆ 1,850 ರೂಪಾಯಿ, ಒಟ್ಟು 25.9 ಲಕ್ಷ. 2021ರ ಫೆಬ್ರವರಿಯಲ್ಲಿ ಗುದ್ದಲಿಪೂಜೆ, 2022ರ ಫೆಬ್ರವರಿಯಲ್ಲಿ ಗೃಹಪ್ರವೇಶ. ಮಧ್ಯೆ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಬಂತು, ಕೆಲಸದವರು ಊರಿಗೆ ಹೋದರು, ವಾಪಸ್ ಬಂದವರು ಬೇರೆಯವರು. ಇದು ಮುಂದೆ ಮುಖ್ಯವಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಪಾಯ, ಕಾಲಂ, ಬೀಮ್, ಮೋಲ್ಡಿಂಗ್ ಎಲ್ಲ ಚೆನ್ನಾಗಿದೆ. ವೈರಿಂಗ್ ಅಚ್ಚುಕಟ್ಟು. ಪ್ಲಂಬಿಂಗ್ ಬಗ್ಗೆ ಇವತ್ತಿಗೂ ಒಂದು ದೂರಿಲ್ಲ. ಕಷ್ಟ ಬಂದಿದ್ದು ಗಾರೆ ಕೆಲಸದಲ್ಲಿ. ಅದರಲ್ಲೂ ಮೇಲಿನ ಕೋಣೆಯ ಪಡುವಣ ಗೋಡೆಯಲ್ಲಿ.

ನಮ್ಮ ಕಡೆ ಜೂನ್, ಜುಲೈ ಮಳೆ ಪಶ್ಚಿಮದಿಂದ ಓರೆಯಾಗಿ ಹೊಡೆಯುತ್ತದೆ. 2022ರ ಜುಲೈನಲ್ಲಿ ಆ ಗೋಡೆಯ ಒಳಗಡೆ, ಕಿಟಕಿಯ ಎಡಕ್ಕೆ, ಚಪಾತಿಯಷ್ಟಗಲ ಒದ್ದೆ ಕಾಣಿಸಿತು. ವಾರದಲ್ಲಿ ಅದು ಚಾಪೆಯಷ್ಟಾಯಿತು. ಕಾಲಂ ಮತ್ತು ಗೋಡೆ ಸೇರುವ ಕಡೆ ಮೇಲಿಂದ ಕೆಳಗೆ ಗೆರೆ ಎಳೆದ ಹಾಗೆ ಒಂದು ಬಿರುಕು ಬೇರೆ. ಫೋನ್ ಮಾಡಿದೆ.

"ಹೊಸ ಮನೆ ಅಲ್ವಾ ಮೇಡಂ, ಹೇರ್‌ಲೈನ್ ಕ್ರ್ಯಾಕ್ ಬಂದೇ ಬರುತ್ತೆ. ಯಜಮಾನ್ರಿಗೆ ಫೋನ್ ಕೊಡಿ, ಹೇಳ್ತೀನಿ."

ಯಜಮಾನರು ಕಲಬುರಗಿಯಲ್ಲಿ ಕೆಲಸದಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಮನೆ ಕಟ್ಟಿಸಿದ್ದು, ಬ್ಯಾಂಕಿಗೆ ಓಡಾಡಿದ್ದು, ಕಂತಿನ ದುಡ್ಡು ಹಾಕಿದ್ದು ಎಲ್ಲ ನಾನು. ಆದರೂ ಬಿರುಕಿನ ವಿಷಯ ಮಾತ್ರ ಯಜಮಾನರಿಗೇ ಹೇಳಬೇಕಂತೆ! ಈ ಒಂದು ಮಾತಿಗೇ ಅರ್ಧ ಸ್ಟಾರ್ ಕಡಿಮೆ ಮಾಡಿದ್ದೆ. ಇವತ್ತೂ ಅದನ್ನು ವಾಪಸ್ ಕೊಡುವುದಿಲ್ಲ.

ಆಗಸ್ಟ್‌ನಲ್ಲಿ ಪೇಂಟರ್ ಒಬ್ಬರನ್ನು ಕಳಿಸಿದರು. ಬಿರುಕಿಗೆ ಪುಟ್ಟಿ ತುಂಬಿ, ಹೊರಗೆ ವಾಟರ್‌ಪ್ರೂಫ್ ಪೇಂಟ್ ಬಳಿದು ಹೋದರು. ಒಳಗಿದ್ದ ನೀರು ಎಲ್ಲಿಗೆ ಹೋಗಬೇಕು? ಸೆಪ್ಟೆಂಬರ್‌ನಲ್ಲಿ ಪೇಂಟ್ ಗುಳ್ಳೆ ಎದ್ದು ಹಪ್ಪಳದ ಹಾಗೆ ಉದುರಿತು.

ನಿಜ ಗೊತ್ತಾಗಿದ್ದು ಕರ್ಟನ್ ರಾಡ್‌ನಿಂದ. ಆ ಗೋಡೆಗೆ ರಾಡ್ ಹಾಕಲು ಬಂದ ಬಡಗಿ, ಕಿಟಕಿಯ ಮೇಲ್ಗಡೆ ಎರಡು ತೂತು ಕೊರೆದರು. ಸ್ಕ್ರೂ ನಿಲ್ಲಲಿಲ್ಲ. ಇನ್ನೂ ಉದ್ದದ ಬಿಟ್ ಹಾಕಿದರು. ಸಣ್ಣ ಮರಳು ಸುರಿಯುತ್ತಲೇ ಇತ್ತು. ಕೊನೆಗೆ ಮೆಷಿನ್ ನಿಲ್ಲಿಸಿ ನನ್ನ ಮುಖ ನೋಡಿದರು. "ಮೇಡಂ, ಇಲ್ಲಿ ಗೋಡೇನೇ ಸಿಗ್ತಿಲ್ಲ."

ನಮ್ಮ ಯಜಮಾನರ ಸೋದರಮಾವ ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಈಗ ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಆದರೂ ಬಂದರು. ಮೊದಲು ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತಾ ಹೋದರು. ಕೆಳಗೆ ಟಕ್ ಟಕ್. ಎದೆಮಟ್ಟ ದಾಟಿದ ಮೇಲೆ ಡಬ್ ಡಬ್. "ಪೊಳ್ಳು" ಅಂದರು. ಆಮೇಲೆ ಮೇಲೊಂದು, ಕೆಳಗೊಂದು ತೂತು ಕೊರೆಸಿ, ಬ್ಲಾಕ್ ತಾಗುವವರೆಗೆ ಮೊಳೆ ತೂರಿಸಿ, "ಎಷ್ಟಿದೆ ಅಳಿ" ಅಂದರು. ನಾನು ಹೈಸ್ಕೂಲಲ್ಲಿ ಗಣಿತ ಹೇಳಿಕೊಡುವವಳು, ಸ್ಕೇಲಿಗೇನು ಬರ? ಕೆಳಗಡೆ ಪ್ಲಾಸ್ಟರ್ ದಪ್ಪ 14 ಮಿಲಿಮೀಟರ್, ಮೇಲ್ಗಡೆ 45.

ಅಂದರೆ ಪ್ಲಾಸ್ಟರ್ ನೇರವಾಗಿದೆ, ಅದರ ಹಿಂದಿನ ಗೋಡೆ ಹೊರಗೆ ವಾಲಿದೆ. ಹತ್ತಿರ ಹತ್ತಿರ 3 ಮೀಟರ್ ಎತ್ತರಕ್ಕೆ 31 ಮಿಲಿಮೀಟರ್. ಐಎಸ್ 1905 ಅಂತ ಗೋಡೆ ಕಟ್ಟುವುದಕ್ಕೆ ಭಾರತೀಯ ಮಾನಕವೊಂದಿದೆ. ಅದರ ಪ್ರಕಾರ ಒಂದು ಅಂತಸ್ತಿನಲ್ಲಿ 3 ಮೀಟರ್‌ಗೆ 6 ಮಿಲಿಮೀಟರ್‌ಗಿಂತ ಜಾಸ್ತಿ ವಾಲಬಾರದು. ಗೋಡೆ ನೆಟ್ಟಗಿದೆಯಾ ಅಂತ ನೋಡಲು ದಾರದಲ್ಲಿ ಇಳಿಬಿಡುವ ತೂಕದ ಗುಂಡು ಬಿಡದೆ ಕಟ್ಟಿದ್ದಾರೆ, ವಾಲಿದ್ದು ಗೊತ್ತಾದ ಮೇಲೆ ಒಳಗಡೆ ಗಾರೆ ಮೆತ್ತಿ ಮುಚ್ಚಿದ್ದಾರೆ. ಒಳಗೋಡೆಗೆ ಸಾಮಾನ್ಯವಾಗಿ ಅರ್ಧ ಇಂಚು ಪ್ಲಾಸ್ಟರ್ ಸಾಕು. ಸುಮಾರು ಎರಡು ಇಂಚನ್ನು ಒಂದೇ ಏಟಿಗೆ ಹೊಡೆದರೆ ಅದರ ಭಾರಕ್ಕೆ ಅದೇ ಜಾರುತ್ತದೆ, ಒಣಗುವಾಗ ಬ್ಲಾಕ್‌ನಿಂದ ಬಿಟ್ಟುಕೊಳ್ಳುತ್ತದೆ. ಅದೇ ಪೊಳ್ಳು.

ಮಾವ ಉದುರಿದ ಗಾರೆಯನ್ನು ಬೆರಳಲ್ಲಿ ಉಜ್ಜಿದರು. ಹಿಟ್ಟಾಯಿತು. "ಸಿಮೆಂಟ್ ಕಡಿಮೆ ಹಾಕಿರ್ಬಹುದು, ಇಲ್ಲ ಅಂದ್ರೆ ನೀರು ಹೊಡೆದಿಲ್ಲ. ನೀರು ಕುಡೀದಿರೋ ಸಿಮೆಂಟು ಬೂದಿ ಕಣಮ್ಮ."

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸುಮಾರು ಜನ ಇದನ್ನೇ ಕೇಳುತ್ತಾರೆ.

ಸ್ಟಾಫ್‌ರೂಮಿನಲ್ಲಿ ಎಲ್ಲರೂ "ರೇರಾಗೆ ಹಾಕಿ" ಅಂದರು, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ. ಕಟ್ಟಡದಲ್ಲಿ ದೋಷ ಇದ್ದರೆ ಐದು ವರ್ಷದವರೆಗೆ ಸರಿಮಾಡಿಕೊಡಬೇಕು ಅನ್ನುವ ರೇರಾ ನಿಯಮ ನಿಜ. ಆದರೆ ಅದು ಫ್ಲ್ಯಾಟ್, ಲೇಔಟ್ ಮಾರುವ ಬಿಲ್ಡರ್‌ಗೆ. ನಮ್ಮ ಸೈಟಿನಲ್ಲಿ ನಾವೇ ಕಾಂಟ್ರಾಕ್ಟರ್ ಇಟ್ಟು ಕಟ್ಟಿಸಿದ ಮನೆಗೆ ಅದು ಬರುವುದಿಲ್ಲ. ನಮಗೆ ದಾರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅದರಲ್ಲಿ 'ಸೇವೆ' ಅನ್ನುವ ಮಾತಿನೊಳಗೆ ಮನೆ ಕಟ್ಟುವ ಕೆಲಸವನ್ನೂ ಹೆಸರು ಹೇಳಿಯೇ ಸೇರಿಸಿದ್ದಾರೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 20ರಿಂದ 50 ಲಕ್ಷದವರೆಗೆ ಫೀ 1,000 ರೂಪಾಯಿ. ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರು ಕಡ್ಡಾಯವಲ್ಲ. 1915 ಗ್ರಾಹಕ ಸಹಾಯವಾಣಿಗೂ ಫೋನ್ ಮಾಡಿ ದೂರು ದಾಖಲಿಸಿದ್ದೆ.

ಆದರೆ ನಿಜ ಹೇಳಬೇಕೆಂದರೆ ನನ್ನ ಕೈಯಲ್ಲಿದ್ದ ದೊಡ್ಡ ಬಲ ಬೇರೆ. ಗೇಟ್ ಕೆಲಸ ಬಾಕಿ ಇದೆ ಅಂತ ಕೊನೆಯ ಶೇಕಡಾ 5ರಷ್ಟು ಹಣ, 1,29,500 ರೂಪಾಯಿ, ನಾನು ಇನ್ನೂ ಕೊಟ್ಟಿರಲಿಲ್ಲ. ಅಗ್ರಿಮೆಂಟ್‌ನಲ್ಲೇ ಹಾಗೆ ಬರೆಸಿದ್ದೆ. ಅವತ್ತು "ಇಷ್ಟೆಲ್ಲ ಯಾಕೆ ಮೇಡಂ, ನಂಬಿಕೆ ಇಲ್ವಾ" ಅಂದಿದ್ದರು.

ಹೊರಗಿನ ಸಿವಿಲ್ ಎಂಜಿನಿಯರ್ ಒಬ್ಬರಿಗೆ 6,000 ಕೊಟ್ಟು ಫೋಟೋ, ಅಳತೆ ಸಮೇತ ವರದಿ ಬರೆಸಿದೆ. ಕಾಲಂ, ಬೀಮ್‌ಗೆ ತೊಂದರೆ ಇಲ್ಲ, ಗೋಡೆ ಮಾತ್ರ ಕೆಟ್ಟಿದೆ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ನವೆಂಬರ್‌ನಲ್ಲಿ ಅದರ ಪ್ರತಿಯಿಟ್ಟು ರಿಜಿಸ್ಟರ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿದೆ. ಬೈಗುಳವಿಲ್ಲ, 'ಮೋಸ' ಅನ್ನುವ ಪದವಿಲ್ಲ. ಎಷ್ಟು ವಾಲಿದೆ, ಎಲ್ಲಿ ಪೊಳ್ಳು, ಏನು ಆಗಬೇಕು, 15 ದಿನ. ಅಷ್ಟೇ.

ಹನ್ನೊಂದನೇ ದಿನ ಸಂಜೆ ಬಂದರು. ಈ ಸಲ ಯಜಮಾನರನ್ನು ಕೇಳಲಿಲ್ಲ.

ಮೊದಲ ಅರ್ಧ ಗಂಟೆ ಅದೇ ಹಳೆ ಮಾತು. ಆರು ಸೈಟು ನಡೀತಿದೆ, ಲಾಕ್‌ಡೌನ್ ಲಾಸ್, ಸ್ಟೀಲ್ ರೇಟ್ ಏರಿತು. ಮಾವ ಮಾತಾಡಲಿಲ್ಲ. ಅವರು ಮೊದಲೇ ಒಳಗೂ ಹೊರಗೂ ಒಂದೊಂದು ಅಡಿ ಅಗಲಕ್ಕೆ ಪ್ಲಾಸ್ಟರ್ ಕೀಳಿಸಿ ಇಟ್ಟಿದ್ದರು. ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ನನ್ನ ಮಗನ ಕೈಗೆ ಟಾರ್ಚ್ ಕೊಟ್ಟು ಹೊರಗಿನ ಸಜ್ಜಾ ಹತ್ತಿರ ನಿಲ್ಲಿಸಿದರು. "ಈಗ ನೋಡಿ" ಅಂದರು.

ಗೋಡೆಯಲ್ಲಿ ಬೆಳಕಿನ ಕಡ್ಡಿಗಳು ಕಂಡವು. ಬ್ಲಾಕಿಗೂ ಬ್ಲಾಕಿಗೂ ನಡುವಿನ ನಿಂತ ಸಂದಿಗೆ ಗಾರೆಯನ್ನೇ ತುಂಬಿರಲಿಲ್ಲ, ಅಂಚಿಗೆ ಸುಮ್ನೆ ಸವರಿದ್ದರು. ಮೂರು ವರಸೆಯಲ್ಲಿ ಸಂದಿಯ ಮೇಲೇ ಸಂದಿ ಬಂದಿತ್ತು. ಹೊರಗಿನ ಬಿರುಕಿನಿಂದ ಬಂದ ಮಳೆನೀರು ಈ ಸಂದಿಗಳಲ್ಲಿ ಇಳಿದು, ಒಳಗಿನ ಪೊಳ್ಳಿನಲ್ಲಿ ನಿಲ್ಲುತ್ತಿತ್ತು. ಪೇಂಟ್ ಏನು ಮಾಡೀತು?

ಕಾಂಟ್ರಾಕ್ಟರ್ ಎದ್ದು ಹೋಗಿ ಒಂದು ಸಂದಿಗೆ ಬೆರಳು ತೂರಿಸಿದರು. ಸ್ವಲ್ಪ ಹೊತ್ತು ಹಾಗೇ ನಿಂತರು. "ಕೆಡವೋಣ ಮೇಡಂ" ಅಂದರು. ಆಮೇಲೆ ತಾವಾಗಿಯೇ ಹೇಳಿದರು. ಲಾಕ್‌ಡೌನ್ ಮುಗಿದ ಮೇಲೆ ಹಳೆ ಮೇಸ್ತ್ರಿ ಸಿಗಲಿಲ್ಲ, ಬೇರೆ ತಂಡಕ್ಕೆ ಬ್ಲಾಕಿಗಿಷ್ಟು ಅಂತ ಗುತ್ತಿಗೆ ಕೊಟ್ಟಿದ್ದರು. ದಿನಕ್ಕೆ ಎಷ್ಟು ಬ್ಲಾಕ್ ಏರಿತೋ ಅಷ್ಟು ದುಡ್ಡು. ಹಾಗಿದ್ದರೆ ಸಂದಿ ತುಂಬುತ್ತಾ ಕೂರುವವರು ಯಾರು? ಆ ಗಾರೆಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿನಕ್ಕೊಂದು ಸಲ ಬಂದು ಗುಂಡು ಹಿಡಿದು ನೋಡಬೇಕಾಗಿದ್ದು ಇವರು.

ಅವತ್ತೇ ಒಂದು ಹಾಳೆಯಲ್ಲಿ ಬರೆದುಕೊಂಡೆವು. ಗೋಡೆ ಪೂರ್ತಿ ಹೊಸದು, ಖರ್ಚು ಅವರದು. ಗೋಡೆ ಮುಗಿದ ಮೇಲೆ 60,000, ಒಂದು ಮಳೆಗಾಲ ಕಳೆದ ಮೇಲೆ ಉಳಿದದ್ದು. ಮೆಟ್ಟಿಲಿನ ಎತ್ತರ ಒಂದೊಂದು ಕಡೆ ಒಂದೊಂದು ಥರ ಇದೆ, ಅದನ್ನು ಒಡೆದರೆ ರಾದ್ಧಾಂತ, ಅದಕ್ಕೆ 15,000 ಮುರಿದುಕೊಂಡೆ. ಇಬ್ಬರೂ ಸಹಿ ಹಾಕಿದೆವು. ಆಯೋಗಕ್ಕೆ ಹೋಗುವ ಪ್ರಸಂಗ ಬರಲಿಲ್ಲ.

2023ರ ಜನವರಿಯಲ್ಲಿ ಕೆಡವಿದರು. ಒಂದು ಮಾತು. ಕಾಲಂ, ಬೀಮ್ ಇರುವ ಮನೆಯಾದ್ದರಿಂದ ಇದು ಸಾಧ್ಯವಾಯಿತು. ಗೋಡೆಯೇ ಚಾವಣಿ ಹೊರುವ ಮನೆಯಲ್ಲಿ ಎಂಜಿನಿಯರ್ ಇಲ್ಲದೆ ಇಂಥದ್ದಕ್ಕೆ ಕೈ ಹಾಕಬೇಡಿ.

ಹೊಸ ಗೋಡೆ ಸುಮಾರು 125 ಬ್ಲಾಕ್‌ನದ್ದು, ಆರಿಂಚಿನ ಸಾಲಿಡ್ ಬ್ಲಾಕ್. ಕೆಳಗೆ ಕುರ್ಚಿ ಹಾಕಿಕೊಂಡು ಮಾವ ಕೂತಿದ್ದರು. ಮೊದಲ ದಿನವೇ ಹುಡುಗನೊಬ್ಬ ಬ್ಲಾಕ್‌ಗಳ ಮೇಲೆ ಪೈಪ್ ಹಿಡಿದು ನೀರು ಬಿಡುತ್ತಿದ್ದ. "ಏಯ್, ಅದೇನು ಇಟ್ಟಿಗೇನಾ? ಇಟ್ಟಿಗೆ ನೆನೆಸ್ಬೇಕು, ಸಿಮೆಂಟ್ ಬ್ಲಾಕಿಗೆ ಚಿಮುಕಿಸಿದ್ರೆ ಸಾಕು. ನೆನೆದಿದ್ದು ಒಣಗುವಾಗ ಕುಗ್ಗುತ್ತೆ, ಆಮೇಲೆ ಬಿರುಕು ಅಂತ ಅಳ್ತೀರ." ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ, ಅದೂ ಪೆಟ್ಟಿಗೆಯಲ್ಲಿ ಅಳೆದು, ಬಾಂಡ್ಲಿ ಲೆಕ್ಕ ಇಲ್ಲ. ದಿನಕ್ಕೆ ನಾಲ್ಕಡಿಗಿಂತ ಮೇಲೆ ಏರಿಸಲು ಬಿಡಲಿಲ್ಲ. ಬೀಮ್ ಕೆಳಗಿನ ಕೊನೆಯ ಸಂದಿಯನ್ನು ಐದು ದಿನ ಬಿಟ್ಟು ತುಂಬಿಸಿದರು. ಕಾಲಂ ಸೇರುವ ಕಡೆ ಎರಡೂ ಬದಿಗೆ ಆರಾರು ಇಂಚು ಬರುವ ಹಾಗೆ ಕೋಳಿ ಜಾಲರಿ ಹೊಡೆದು ಪ್ಲಾಸ್ಟರ್ ಮಾಡಿಸಿದರು. ಮೊದಲ ಸಲ ಈ ಜಾಲರಿಯೇ ಇರಲಿಲ್ಲ. ಗೋಣಿಚೀಲ ಇಳಿಬಿಟ್ಟು ಬೆಳಿಗ್ಗೆ ಸಂಜೆ ನೀರು ಹೊಡೆದದ್ದು ನಾನು, ಒಟ್ಟು ಎರಡು ವಾರ.

60,000 ಕೊಟ್ಟೆ. ಆಮೇಲೆ 2023ರಲ್ಲಿ ಮಳೆಯೇ ಕೈಕೊಟ್ಟಿತು! ರಾಜ್ಯದ ಬಹುತೇಕ ತಾಲ್ಲೂಕುಗಳಲ್ಲಿ ಬರ ಅಂತ ಘೋಷಿಸಿದ ವರ್ಷ ಅದು. ಗೋಡೆಗೆ ಸರಿಯಾದ ಪರೀಕ್ಷೆಯೇ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಕಾಂಟ್ರಾಕ್ಟರ್ ಫೋನ್ ಮಾಡಿ, "ಮಳೆಗಾಲ ಮುಗೀತಲ್ವಾ ಮೇಡಂ" ಅಂದರು. ಮಾವ ಕೊಡಬೇಡ ಅಂದರು. ಹಾಳೆಯಲ್ಲಿ 'ಒಂದು ಮಳೆಗಾಲ' ಅಂತಿತ್ತು, 'ಒಳ್ಳೆ ಮಳೆಗಾಲ' ಅಂತ ಇರಲಿಲ್ಲ. ಉಳಿದ 54,500 ಕಳಿಸಿದೆ.

2024ರ ಜುಲೈನಲ್ಲಿ ಬಿಟ್ಟೂಬಿಡದೆ ಹೊಡೆಯಿತು. ರಾತ್ರಿ ಎದ್ದೆದ್ದು ಹೋಗಿ ಆ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ಆದರೆ ಮೆಟ್ಟಿಲ ಕೋಣೆಯ ಮೂಲೆಯಲ್ಲಿ ಹೊಸದಾಗಿ ಒದ್ದೆ ಕಂಡಿತು. ಕೊಡಬೇಕಾದ ದುಡ್ಡು ಒಂದು ಪೈಸೆ ಬಾಕಿ ಇಲ್ಲ, ಇನ್ನೆಲ್ಲಿ ಬರುತ್ತಾರೆ ಅಂದುಕೊಂಡೇ ಫೋನ್ ಮಾಡಿದೆ. ಎರಡನೇ ದಿನ ರೇನ್‌ಕೋಟ್ ಹಾಕಿಕೊಂಡು ಬಂದು ತಾವೇ ತಾರಸಿ ಹತ್ತಿದರು. ಪ್ಯಾರಾಪೆಟ್ ಬುಡದಲ್ಲಿ ಬಿರುಕು. ಮಳೆ ಬಿಟ್ಟ ಮೇಲೆ ಬಿಚ್ಚಿ ಕಟ್ಟಿಸಿದರು. ದುಡ್ಡು ಕೇಳಲಿಲ್ಲ. ಮೂರನೇ ಸ್ಟಾರ್ ಆ ರೇನ್‌ಕೋಟಿನದು. 2025ರ ಮಳೆಯೂ ಕಳೆಯಿತು, ಎರಡೂ ಕಡೆ ಒಣಗಿಯೇ ಇದೆ.

ಉಳಿದದ್ದು? ಹೊಸ ಗೋಡೆಯ ಬಣ್ಣ ಹೊರಗಡೆಯಿಂದ ಸ್ವಲ್ಪ ಬೇರೆ ಕಾಣುತ್ತದೆ. ಅಡುಗೆಮನೆಯ ಎರಡು ಟೈಲ್ ಡಬ್ ಅನ್ನುತ್ತವೆ, ಬಿಟ್ಟಿದ್ದೇನೆ. ಮೆಟ್ಟಿಲಲ್ಲಿ ಬಂದ ನೆಂಟರೆಲ್ಲ ಏಳನೆಯದಕ್ಕೆ ಎಡವುತ್ತಾರೆ, ನಮಗೆ ಅಭ್ಯಾಸವಾಗಿದೆ.

ಹೋದ ತಿಂಗಳು ಅಕ್ಕನ ಮಗಳು ಮನೆ ಕಟ್ಟಿಸಬೇಕು, ಯಾರಿಗೆ ಕೊಡಲಿ ಚಿಕ್ಕಮ್ಮ ಅಂತ ಕೇಳಿದಳು. ಈ ಕಾಂಟ್ರಾಕ್ಟರ್ ನಂಬರ್ ಕೊಟ್ಟೆ. ಮಾವನ ನಂಬರನ್ನೂ ಕೊಟ್ಟೆ.